ಕಲ್ಲಿಗೆ ಕೈಗಾಡಿ

ಜೂನ್ 2, ಸೋಮವಾರ

ಟೆನ್ಷನ್: ಹತ್ತಕ್ಕೆ ಏಳು. ವಾಪಸ್ ಹೋಗಲು ಉಳಿದ ದಿನ: ಮೂವತ್ತೈದು.

ದಿನಾ ಮೊದಲು ನಂಬರ್ ಬರಿ, ಆಮೇಲೆ ಕಾರಣ ಬರಿ, ಎದೆ ಹಗುರಾಗುತ್ತೆ ಎಂದು ಹಾಸ್ಟೆಲ್ಲಿನ ಕೌನ್ಸೆಲರ್ ಮೇಡಂ ಹೇಳಿದ್ದಾರೆ. ಕಾರಣ ಇದು: ಫಸ್ಟ್ ಇಯರ್ ಸ್ಟ್ಯಾಟಿಸ್ಟಿಕ್ಸಿನವರೆಲ್ಲ ರಜೆಯಲ್ಲಿ ನಾಲ್ಕು ವಾರ ಯಾವುದಾದರೂ ಕಚೇರಿಯಲ್ಲಿ ಕೂತು ಪ್ರಾಜೆಕ್ಟ್ ಮಾಡಬೇಕು. ನನ್ನ ರೂಮ್‌ಮೇಟ್‌ಗೆ ದೊಡ್ಡ ಆಸ್ಪತ್ರೆ ಸಿಕ್ಕಿತು. ಎಲ್ಲೂ ಹೋಗಿ ಕೇಳುವ ಧೈರ್ಯವಿಲ್ಲದ ನನಗೆ ಕೊನೆಗೆ ಅಪ್ಪ ಕೆಲಸ ಮಾಡುವ ಪುರಸಭೆ.

ಪುರಸಭೆ ಎಂದರೆ ಏಳು ಕೋಣೆ. ಸಮುದ್ರದ ಗಾಳಿಗೆ ಕಿಟಕಿ ಸರಳುಗಳು ತುಕ್ಕು ಹಿಡಿದು ಊದಿಕೊಂಡಿವೆ. ಕಾಗದ ಹಾರದಂತೆ ಪ್ರತಿ ಮೇಜಿನ ಮೇಲೂ ಒಂದು ಇಟ್ಟಿಗೆ. ಅಧ್ಯಕ್ಷೆಯ ಇಟ್ಟಿಗೆಗೆ ಮಾತ್ರ ಹಸಿರು ಬಣ್ಣ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಅಳತೆಯವನ ಮಗಳಾ? ಬಾಯಿ ಇದೆಯಾ?" ಎಂದರು. ಇದೆ ಎಂದು ಹೇಳಲು ಬಾಯಿ ಬರಲಿಲ್ಲ.

ಅಪ್ಪ ಇಲ್ಲಿ ಅಳತೆಯವರು. ಚರಂಡಿ, ರಸ್ತೆ, ಗೋಡೆ, ಯಾವುದಕ್ಕಾದರೂ ಟೇಪು ಹಿಡಿಯುವುದು ಅವರೇ. ಮೂವತ್ತೊಂದು ವರ್ಷದಿಂದ ಪ್ರತಿ ಸೋಮವಾರ ದಡದ ಒಂದು ಕಲ್ಲಿನಿಂದ ನೀರಿನ ಗೆರೆಯವರೆಗೆ ಅಳೆದು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಆ ರಿಜಿಸ್ಟರನ್ನು ಲ್ಯಾಪ್‌ಟಾಪಿಗೆ ಹತ್ತಿಸುವುದು ನನ್ನ ಪ್ರಾಜೆಕ್ಟ್. ಇಪ್ಪತ್ತಾರನೇ ತಾರೀಕು ಮೇಲಿನ ಕಚೇರಿಯಿಂದ ಒಬ್ಬ ಅಧಿಕಾರಿ ಬರುತ್ತಾರಂತೆ. ಸಮುದ್ರದ ಪಕ್ಕದ ಕೊನೇ ಬೀದಿಯ ಹನ್ನೊಂದು ಮನೆಗಳಿಗೆ ಗುಡ್ಡದ ಮೇಲೆ ಬೇರೆ ಜಾಗ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ. ಅರ್ಜಿ ಎರಡು ಸಲ ತಿರಸ್ಕೃತವಾಗಿದೆ. ಇದು ಮೂರನೆಯದು, ಕೊನೆಯದು.

"ನೀಟಾಗಿ ಒಂದು ಟೇಬಲ್ ಮಾಡ್ಕೊಡು ಸಾಕು. ಅವರು ನೋಡೋದು ಅದನ್ನೇ," ಎಂದರು ಅಧ್ಯಕ್ಷೆ.

ಟೇಬಲ್ ಮಾಡಬಲ್ಲೆ. ಮನುಷ್ಯರ ಜೊತೆ ಮಾತಾಡುವುದೊಂದು ಇಲ್ಲದಿದ್ದರೆ ನಾನು ಏನು ಬೇಕಾದರೂ ಮಾಡಬಲ್ಲೆ.

ಜೂನ್ 4, ಬುಧವಾರ

ಟೆನ್ಷನ್: ಎಂಟು. ಉಳಿದದ್ದು: ಮೂವತ್ತಮೂರು.

ಕೊನೇ ಬೀದಿಯ ಹನ್ನೊಂದನೇ ಮನೆ ಅಪ್ಪನ ಅಕ್ಕನದು. ಅತ್ತೆ ದೋಣಿಯವರ ಬಲೆ ರಿಪೇರಿ ಮಾಡುತ್ತಾರೆ. ಅಮ್ಮ ಬಲವಂತವಾಗಿ ನನ್ನನ್ನು ಅಪ್ಪನ ಜೊತೆ ಕಳಿಸಿದಳು. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿದ್ದವಳಿಗೆ ಈ ಊರು ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ಮಾತ್ರ ಗೊತ್ತು. ಅತ್ತೆ ಮನೆಗೆ ಹೋಗಿ ಎಷ್ಟು ವರ್ಷವಾಗಿತ್ತೋ.

"ಬಂದ್ಯಾ ಹಾಸ್ಟೆಲ್ ರಾಣಿ. ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಮುರಿದಿದೆ, ನನ್ನ ಹಾಗೆ ಗೋಡೆಗೆ ಒರಗಿ ಬದುಕಿದೆ."

ನಾನು ಅಪ್ಪನಿಗೆ "ನೀವು ಕೂತ್ಕೊಳ್ಳಿ" ಎಂದೆ. ಅತ್ತೆ ಸೂಜಿ ಕೆಳಗಿಟ್ಟು ನಕ್ಕಿದ್ದೇ ನಕ್ಕಿದ್ದು. "ಅಪ್ಪನಿಗೆ ನೀವು ತಾವು ಅಂತೀಯಾ? ಅವನೇನು ನಿಮ್ಮ ವಾರ್ಡನ್ನಾ?" ಅಪ್ಪ ನೆಲ ನೋಡಿದರು. ನಾನೂ ನೋಡಿದೆ. ಇಬ್ಬರೂ ಎಷ್ಟು ಹೊತ್ತು ನೆಲ ನೋಡುವುದು.

ಕೈ ತೊಳೆಯಲು ಹಿತ್ತಿಲ ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟೆ. ಹಿತ್ತಿಲೇ ಇಲ್ಲ. ಎರಡು ಮೆಟ್ಟಿಲು, ಗೋಡೆಯ ಮೂಲೆಯಲ್ಲಿ ಮೊಣಕಾಲೆತ್ತರದ ಒಂದು ಕಲ್ಲು, ಆಮೇಲೆ ಮರಳು, ಆಮೇಲೆ ಸಮುದ್ರ. ಗಾಳಿಯ ಜೊತೆ ನನ್ನ ಮುಖಕ್ಕೆ ನೀರು ಸಿಡಿಯಿತು. ಕಿರುಚಿದೆ ಎಂದು ಕಾಣುತ್ತದೆ, ಇಬ್ಬರೂ ಓಡಿ ಬಂದರು.

"ಏನಿಲ್ಲ, ಅದು ದಿನಾ ಬರುತ್ತೆ," ಎಂದರು ಅತ್ತೆ, ಪಕ್ಕದ ಮನೆಯವರ ಬೆಕ್ಕಿನ ವಿಷಯ ಹೇಳುವ ಹಾಗೆ. "ನಾನು ಈ ಮನೆಗೆ ಬಂದಾಗ ನೀರು ಸೇದ್ತಿದ್ದ ಬಾವಿ ಅಲ್ಲಿತ್ತು ನೋಡು." ಅವರ ಬೆರಳು ತೋರಿಸಿದ ಕಡೆ ಎರಡು ದೋಣಿ ತೇಲುತ್ತಿದ್ದವು.

ದೊಡ್ಡವರು ಹೀಗೇ ಉತ್ಪ್ರೇಕ್ಷೆ ಮಾಡುತ್ತಾರೆ. ಮೂವತ್ತೊಂದು ವರ್ಷದ ಹಿಂದಿನ ಮೊದಲ ಪುಟದಲ್ಲಿ ಕಲ್ಲಿನಿಂದ ನೀರಿಗೆ ಇಪ್ಪತ್ತೈದು ಮೀಟರ್ ಎಂದಿದೆ. ಬಾವಿ ಅಷ್ಟು ದೂರ ಇರಲು ಸಾಧ್ಯವೇ ಇಲ್ಲ.

ಜೂನ್ 9, ಸೋಮವಾರ

ಟೆನ್ಷನ್: ನಾಲ್ಕು! ಉಳಿದದ್ದು: ಇಪ್ಪತ್ತೆಂಟು.

ಸಾವಿರದ ಆರುನೂರಕ್ಕೂ ಹೆಚ್ಚು ಅಳತೆ ಹತ್ತಿಸಿ ಮುಗಿಯಿತು. ಅಪ್ಪನ ಅಕ್ಷರ ಮೊದಲ ಪುಟದಿಂದ ಕೊನೆಯವರೆಗೂ ಒಂದೇ ಥರ, ಒಂದು ಚಿತ್ತು ಇಲ್ಲ, ಒಂದು ಸೋಮವಾರ ತಪ್ಪಿಲ್ಲ. ನಾನು ಹುಟ್ಟಿದ ಸೋಮವಾರವೂ ಅಳೆದಿದ್ದಾರೆ. ಹದಿನೆಂಟೂವರೆ.

ಗ್ರಾಫ್ ಎಳೆದಾಗ ಬಂದದ್ದು ಗರಗಸ. ಇಪ್ಪತ್ತೈದರಿಂದ ಮೆಲ್ಲಗೆ ಇಳಿದು ಹನ್ನೆರಡರ ಹತ್ತಿರ ಬರುತ್ತದೆ, ಥಟ್ಟನೆ ಇಪ್ಪತ್ತೈದಕ್ಕೆ ಏರುತ್ತದೆ, ಮತ್ತೆ ಇಳಿಯುತ್ತದೆ. ಎಂಟು ಹಲ್ಲು. ಸಮುದ್ರ ಮುಂದೆ ಬಂದು ಬಂದು, ಏನೋ ನೆನಪಾದ ಹಾಗೆ ಹಿಂದೆ ಸರಿದುಬಿಡುತ್ತದೆ! ನನಗೆ ರೋಮಾಂಚನವಾಯಿತು. ಇಂಥ ಪ್ಯಾಟರ್ನ್ ಪ್ರೊಫೆಸರ್ ಕೂಡ ನೋಡಿರಲಿಕ್ಕಿಲ್ಲ. ರಿಪೋರ್ಟಿಗೆ 'ಉಸಿರಾಡುವ ಸಮುದ್ರ' ಎಂದು ಹೆಸರಿಟ್ಟೆ.

ಇವತ್ತಿನ ಅಳತೆ ಹನ್ನೆರಡು.

ಜೂನ್ 12, ಗುರುವಾರ

ಟೆನ್ಷನ್: ಮೂರು.

ಅಧ್ಯಕ್ಷೆ ನನ್ನ ರಿಪೋರ್ಟನ್ನು ಜೋರಾಗಿ ಓದಿಸಿಕೊಂಡರು. 'ಕಳೆದ ಮೂವತ್ತೊಂದು ವರ್ಷಗಳಲ್ಲಿ ಸಮುದ್ರವು ಸ್ಥಿರವಾಗಿ ಮುಂದುವರಿದಿಲ್ಲ. ಬಂದಷ್ಟೇ ಹಿಂದೆ ಸರಿದಿದೆ' ಎಂಬ ಸಾಲು ಬಂದಾಗ ಅವರ ಹುಬ್ಬು ಗಂಟಾಯಿತು. "ಇದು ಆ ಬೀದಿಯವರಿಗೆ ಒಳ್ಳೇದಲ್ವಲ್ಲೇ." ಡೇಟಾ ಹೇಳುವುದನ್ನೇ ಬರೆದಿದ್ದೇನೆ ಎಂದೆ. ಅಷ್ಟು ಉದ್ದದ ವಾಕ್ಯ ಇಲ್ಲಿ ನಾನು ಆಡಿದ್ದು ಇದೇ ಮೊದಲು. ಅವರು ನಿಟ್ಟುಸಿರು ಬಿಟ್ಟು, "ಇರೋದನ್ನ ಇಲ್ಲ ಅನ್ನೋಕಾಗುತ್ತಾ," ಎಂದು ಸಹಿ ಹಾಕಿ ಮೇಲಿನ ಕಚೇರಿಗೆ ಕಳಿಸಿದರು.

ಅತ್ತೆಗೆ ಬೇಜಾರಾಗಬಹುದು. ಆದರೆ ಸಮುದ್ರ ವಾಪಸ್ ಹೋಗುತ್ತದೆ ಎನ್ನುವುದು ಒಳ್ಳೆಯ ಸುದ್ದಿಯೇ ಅಲ್ಲವೆ?

ಜೂನ್ 16, ಸೋಮವಾರ

ಆಫೀಸಿನ ಹಿಂದಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಅಪ್ಪನ ಜೊತೆ ಅಳತೆಗೆ ಹೋದೆ. ಟೇಪಿನ ಒಂದು ತುದಿ ಅತ್ತೆಯ ಹಿತ್ತಿಲ ಮೂಲೆಯ ಕಲ್ಲಿಗೆ, ಇನ್ನೊಂದು ಉಬ್ಬರದ ಒದ್ದೆ ಗೆರೆಗೆ. ಹನ್ನೊಂದು. ಅಪ್ಪ ಬರೆದುಕೊಂಡರು. ಆಮೇಲೆ, "ಇವತ್ತು ಎತ್ತಿಬಿಡೋಣ," ಎಂದರು ತಮ್ಮಷ್ಟಕ್ಕೆ.

ಏನನ್ನು ಎಂದು ಕೇಳುವ ಮೊದಲೇ ಉಗ್ರಾಣದಣ್ಣ ಕೈಗಾಡಿ ತಳ್ಳಿಕೊಂಡು ಬಂದ. ಕನ್ನಡಕಕ್ಕೆ ದಾರ ಕಟ್ಟಿಕೊಂಡು ಪುರಸಭೆಯ ಸಾಮಾನು ಕಾಯುವ ಮನುಷ್ಯ. ನನ್ನನ್ನು 'ಕಂಪ್ಯೂಟರಮ್ಮ' ಎನ್ನುತ್ತಾನೆ. ಇಬ್ಬರೂ ಕಲ್ಲಿನ ಸುತ್ತ ಗುದ್ದಲಿ ಹಾಕಿದರು. ಕಲ್ಲು ಅಲ್ಲಾಡುವ ಹಲ್ಲು ಕಿತ್ತ ಹಾಗೆ ಸಲೀಸಾಗಿ ಬಂತು. ಗಾಡಿಗೆ ಹಾಕಿ, ಮೇಲೆ ಗೋಣಿ ಹೊದಿಸಿ, ಅತ್ತೆಯ ಮನೆಯ ಪಕ್ಕದ ಓಣಿಯಲ್ಲಿ ತಳ್ಳಿಕೊಂಡು ಮುಂಬಾಗಿಲಿನ ಕಡೆ ಬಂದು, ಬೀದಿ ದಾಟಿ, ಆ ಕಡೆಯ ಬೇಲಿಯ ಹತ್ತಿರ ನಿಂತರು. ಅಪ್ಪ ನೀರಿನಿಂದ ಮತ್ತೆ ಅಳೆದು ಬರೆದುಕೊಂಡರು. ಇಪ್ಪತ್ತೈದು. ಅಲ್ಲೇ ಗುಂಡಿ ತೋಡಿ ನೆಟ್ಟರು. ಅಪ್ಪ ಕಲ್ಲಿನ ತಲೆಯ ಮೇಲಿನ ಮರಳನ್ನು ಅಂಗೈಯಿಂದ ಒರೆಸಿದರು.

"ಯಾಕೆ?" ಎಂದೆ. ಅಷ್ಟೇ ಬಂತು.

"ಅಲ್ಲೇ ಬಿಟ್ರೆ ಸಮುದ್ರ ತಗೊಂಡು ಹೋಗುತ್ತಲ್ಲ. ಕಲ್ಲು ಹಾಕಿದ ಇಂಜಿನಿಯರು ಅವತ್ತೇ ಹೇಳಿದ್ರು, ಕಲ್ಲನ್ನ ಸಮುದ್ರಕ್ಕೆ ಕೊಡಬೇಡ, ನಿನ್ನ ಜವಾಬ್ದಾರಿ ಅಂತ. ಪುಸ್ತಕದಲ್ಲಿ ಕಲ್ಲಿನ ಜಾಗ ಇಪ್ಪತ್ತೈದು ಅಂತಿದೆ. ಪ್ರತೀ ಸಲ ಕರೆಕ್ಟಾಗಿ ಇಪ್ಪತ್ತೈದಕ್ಕೇ ಇಟ್ಟಿದೀನಿ. ಒಂದು ಇಂಚು ಆಕಡೆ ಈಕಡೆ ಇಲ್ಲ."

ಅತ್ತೆ ಹೊಸ್ತಿಲಲ್ಲಿ ಬಲೆ ಮಡಿಲಲ್ಲಿಟ್ಟುಕೊಂಡು ಎಲ್ಲ ನೋಡುತ್ತಿದ್ದರು. "ಎಂಟು ಸಲ ಆಗಿತ್ತು, ಇದು ಒಂಬತ್ತು. ನಿಮ್ಮಪ್ಪ ಕಲ್ಲಿಗೆ ಒಂಬತ್ತು ಸಲ ಮನೆ ಬದಲಿಸಿದಾನೆ. ಅಕ್ಕನಿಗೆ ಒಂದು ಸಲಾನೂ ಇಲ್ಲ."

ಮೂವರೂ ನಕ್ಕರು. ಅಪ್ಪನೂ.

ಈಗ ಅತ್ತೆಯ ಮನೆ ಸಮುದ್ರಕ್ಕೂ ಕಲ್ಲಿಗೂ ನಡುವೆ ಇದೆ.

ಸಮುದ್ರ ಉಸಿರಾಡುತ್ತಿಲ್ಲ. ಒಂದು ಸಲವೂ ಹಿಂದೆ ಹೋಗಿಲ್ಲ. ನಾನು ಏನು ಬರೆದೆ? ಏನು ಬರೆದು ಕಳಿಸಿದೆ?

ಜೂನ್ 17, ಮಂಗಳವಾರ

ಉಗ್ರಾಣದಣ್ಣನ ಬಳಿ ಒಂದು ಪುಸ್ತಕವಿದೆ. ಗುದ್ದಲಿ, ಏಣಿ, ಕೈಗಾಡಿ, ಯಾರು ಏನು ಒಯ್ದರೂ ಅದರಲ್ಲಿ ಬರೆದು ಸಹಿ ಹಾಕಬೇಕು. ಕೊನೆಯ ಕಾಲಮ್ಮು 'ಯಾತಕ್ಕೆ'.

"ಹಳೇದೆಲ್ಲ ಬೇಕಾ? ಯಾಕೆ ಕಂಪ್ಯೂಟರಮ್ಮ, ನಮ್ಮ ಗುದ್ದಲೀನೂ ಉಸಿರಾಡುತ್ತಾ?" ಎಂದ. ನನ್ನ ಮುಖ ನೋಡಿ ನಗು ನಿಲ್ಲಿಸಿ ಏಣಿ ಹತ್ತಿ ಅಟ್ಟದಿಂದ ಹಳೆಯ ಪುಸ್ತಕ ಇಳಿಸಿಕೊಟ್ಟ. ಗೆದ್ದಲು ಅಂಚು ತಿಂದಿತ್ತು, ಅಕ್ಷರ ತಿಂದಿರಲಿಲ್ಲ.

'ಕೈಗಾಡಿ ಒಂದು, ಗುದ್ದಲಿ ಎರಡು. ಯಾತಕ್ಕೆ: ಕಲ್ಲಿಗೆ.' ಕೆಳಗೆ ಅಪ್ಪನ ಸಹಿ. ಒಂಬತ್ತು ಸಲ. ನನ್ನ ಗ್ರಾಫ್ ಎಲ್ಲೆಲ್ಲಿ ಥಟ್ಟನೆ ಏರಿದೆಯೋ ಅದೇ ಅದೇ ಸೋಮವಾರ. ನಿನ್ನೆಯದರ ಶಾಯಿ ಇನ್ನೂ ಹೊಸದು.

ಆ ಏರಿಕೆಗಳನ್ನು ಕೂಡಿಸಿದೆ. ನಿನ್ನೆಯದೂ ಸೇರಿ ನೂರಾ ಹದಿನೆಂಟು ಮೀಟರ್. ಮೂರು ಸಲ ಕೂಡಿಸಿದೆ. ಅತ್ತೆಯ ಬಾವಿ ಎರಡು ದೋಣಿಗಳ ನಡುವೆಯೇ ಇತ್ತು. ಸುಳ್ಳು ಹೇಳಿದ್ದು ಅವರಲ್ಲ.

ಅರ್ಜಿ ಎರಡು ಸಲವೂ ಯಾಕೆ ತಿರಸ್ಕೃತವಾಯಿತೆಂದು ಫೈಲು ತೆಗೆದು ನೋಡಿದೆ. ಎರಡರಲ್ಲೂ ಒಂದೇ ಸಾಲು: 'ಪುರಸಭೆಯ ದಾಖಲೆಯ ಪ್ರಕಾರ ಸಮುದ್ರವು ಮುಂದೆ ಬಂದಿರುವುದಿಲ್ಲ.'

ಜೂನ್ 18, ಬುಧವಾರ

ಹೇಳಿಬಿಟ್ಟೆ. ಹೇಗೆ ಹೇಳಬೇಕು ಎಂದು ಚೀಟಿಯಲ್ಲಿ ಪಾಯಿಂಟ್ ಬರೆದುಕೊಂಡು ಹೋಗಿದ್ದೆ. ಚೀಟಿ ಬೆವರಿಗೆ ಒದ್ದೆಯಾಗಿ ಹರಿಯಿತು.

ಅಪ್ಪ ಊಟದ ಡಬ್ಬಿ ತೊಳೆಯುತ್ತಿದ್ದರು. ನಾನು ಎರಡು ಪುಸ್ತಕಗಳನ್ನೂ ಕಟ್ಟೆಯ ಮೇಲಿಟ್ಟು, "ಕಲ್ಲು ಸರಿಸಿದ್ದು ಆಫೀಸಿಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು. ಪ್ರತೀ ಸಲ ಕೈಗಾಡಿಗೆ ಬರೆದು ಸಹಿ ಹಾಕಿಲ್ವಾ? ಕದ್ದು ಒಯ್ದಿಲ್ಲ."

"ಅದು ಉಗ್ರಾಣದ ಪುಸ್ತಕ ಅಪ್ಪ. ಅಳತೆ ಪುಸ್ತಕದಲ್ಲಿ ಬರೆದಿಲ್ಲ."

"ಅಳತೆ ಪುಸ್ತಕ ಅಳತೆಗೆ. ಗಾಡಿ ವಿಷಯ ಅದರಲ್ಲಿ ಯಾಕೆ ಬರೀತಾರೆ?" ಪಾಠ ಹೇಳಿಕೊಡುವಷ್ಟು ತಾಳ್ಮೆಯಿಂದ ಹೇಳಿದರು. "ಎರಡೂ ಆಫೀಸಿಂದೇ ತಾನೆ."

ಎರಡೂ ಆಫೀಸಿನದೇ. ಒಂದು ಅಧ್ಯಕ್ಷೆಯ ಕೋಣೆಯ ಬೀರುವಿನಲ್ಲಿ, ಇನ್ನೊಂದು ಉಗ್ರಾಣದ ಅಟ್ಟದಲ್ಲಿ. ಮೂವತ್ತೊಂದು ವರ್ಷದಲ್ಲಿ ಎರಡನ್ನೂ ಒಟ್ಟಿಗೆ ತೆರೆದವರು ಯಾರೂ ಇಲ್ಲ.

ನಾನು ಲ್ಯಾಪ್‌ಟಾಪಿನಲ್ಲಿ ಗರಗಸ ತೋರಿಸಿದೆ. ಹಲ್ಲಿನ ಮೇಲೆ ಬೆರಳಿಟ್ಟು, ಇಲ್ಲಿ ನೀನು ಕಲ್ಲು ಎತ್ತಿದೆ, ಇಲ್ಲಿ ಎತ್ತಿದೆ, ಇಲ್ಲಿ ಎತ್ತಿದೆ ಎಂದೆ. ಮೇಲಿನವರಿಗೆ ಕಾಣುವುದು ಸಮುದ್ರ ಹಿಂದೆ ಹೋದ ಹಾಗೆ. ಅವರಿಗೆ ಗಾಡಿ ಕಾಣಲ್ಲ ಅಪ್ಪ.

ಅವನು ತುಂಬ ಹೊತ್ತು ಪರದೆ ನೋಡಿದ. ಡಬ್ಬಿಯಿಂದ ನೀರು ಅವನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಅವನು ಜಗಳ ಮಾಡಲಿ ಅನಿಸಿತು. ಹೊಡೆಯಲಿ ಅನಿಸಿತು. ಅವನು ಕೇಳಿದ್ದು ಒಂದೇ:

"ಹಾಗಾದ್ರೆ ಅಕ್ಕನ ಅರ್ಜಿ ಹೋಗಿದ್ದು..."

ನಾನು ಅವನ ಕೈಯಿಂದ ಡಬ್ಬಿ ತೆಗೆದುಕೊಂಡೆ.

ಜೂನ್ 19, ಗುರುವಾರ

ಅಪ್ಪ ಊಟ ಮಾಡಲಿಲ್ಲ. ಅಮ್ಮ ಹೊಲಿಗೆ ಮಷೀನು ನಿಲ್ಲಿಸಿ, "ಇಬ್ಬರೂ ಏನು ಸತ್ತವರ ಮನೆಗೆ ಹೋಗಿ ಬಂದಿದೀರಾ?" ಎಂದಳು.

ಜೂನ್ 21, ಶನಿವಾರ

ರಿಪೋರ್ಟ್ ವಾಪಸ್ ತರಿಸಿ ಎಂದು ಅಧ್ಯಕ್ಷೆಯನ್ನು ಕೇಳಿದೆ. ಎಲ್ಲ ಹೇಳಿದೆ. ಅವರು ಹಸಿರು ಇಟ್ಟಿಗೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತುಬಿಟ್ಟರು.

"ಅಯ್ಯೋ ದೇವರೇ. ಆ ಗಾಡಿ ನಾನೇ ಕೊಡಿಸಿದ್ದಲ್ಲೇ. ಹಳೇದರ ಚಕ್ರ ಮುರಿದಿತ್ತು, ಕಲ್ಲು ಎತ್ತೋಕೆ ಕಷ್ಟ ಅಂತ ನಿಮ್ಮಪ್ಪ ಕೇಳಿದ. ಪಾಪ ಎಷ್ಟು ನಿಯತ್ತು ಅಂದ್ಕೊಂಡೆ."

"ಮೇಲಿನವರಿಗೆ ಬರೆಯೋಣವಾ?"

"ಏನಂತ? ಮೂವತ್ತೊಂದು ವರ್ಷ ನಾವು ಕಲ್ಲು ಹೊತ್ಕೊಂಡು ಓಡಾಡ್ತಿದ್ವಿ ಅಂತಲಾ? ನಿಮ್ಮಪ್ಪನ ನೌಕರಿ ಇನ್ನೆರಡು ವರ್ಷ ಇದೆ. ಅದು ಹೋದ್ರೆ?" ಆಮೇಲೆ ಮೆಲ್ಲಗೆ, "ಬರೆಯದಿದ್ರೆ ಆ ಹನ್ನೊಂದು ಮನೆ ಹೋಗುತ್ತೆ. ನನ್ನನ್ನ ಕೇಳಬೇಡ ಕಣೇ. ನನ್ನ ಕೈಲಿ ಆಗಲ್ಲ. ನೀನೇ ಹೇಳ್ತೀಯಾ ಅವತ್ತು?"

ಹ್ಞೂಂ ಎಂದೆ. ಯಾಕೆ ಎಂದೆನೋ. ಶಾಲೆಯ ಅಸೆಂಬ್ಲಿಯಲ್ಲಿ ನಾಲ್ಕು ಸಾಲು ಓದಲು ನಿಲ್ಲಿಸಿದಾಗ ತಲೆ ಸುತ್ತಿ ಬಿದ್ದವಳು ನಾನು.

ಜೂನ್ 26, ಗುರುವಾರ

ಸಭೆಯ ಕೋಣೆಯಲ್ಲಿ ಉದ್ದ ಮೇಜು, ಹನ್ನೆರಡು ಕುರ್ಚಿ. ಕೊನೇ ಬೀದಿಯವರು ಗೋಡೆಗೆ ಒರಗಿ ನಿಂತಿದ್ದರು. ಅತ್ತೆ ಒಗೆದ ಸೀರೆ ಉಟ್ಟು ಬಂದಿದ್ದರು. ಅಪ್ಪ ಎಂದಿನಂತೆ ಬಾಗಿಲ ಹತ್ತಿರ, ಯಾರಿಗಾದರೂ ನೀರು ಬೇಕಾದರೆ ಕೊಡಲು.

ಅಧಿಕಾರಿ ಒರಟ ಮನುಷ್ಯನಲ್ಲ. ಅದೇ ಕಷ್ಟವಾಯಿತು. ನನ್ನ ರಿಪೋರ್ಟನ್ನು ಮೇಲೆತ್ತಿ, "ಇದನ್ನ ಮಾಡಿದ್ದು ಯಾರು? ಬಹಳ ಚೆನ್ನಾಗಿದೆ," ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಅವರು ಗರಗಸ ತೋರಿಸಿ ಬೀದಿಯವರಿಗೆ ಸಮಾಧಾನ ಹೇಳತೊಡಗಿದರು. "ನೋಡಿ, ನಿಮ್ಮ ಭಯ ನನಗೆ ಅರ್ಥವಾಗುತ್ತೆ. ಆದರೆ ಸಮುದ್ರ ಬರುತ್ತೆ, ಹೋಗುತ್ತೆ. ಎಂಟು ಸಲ ಹಿಂದೆ ಹೋಗಿದೆ. ಈ ಸಲವೂ ಹೋಗುತ್ತೆ."

ಈಗ ನಾನು ಏಳಬೇಕಿತ್ತು. ಅಧ್ಯಕ್ಷೆ ಮೇಜಿನಡಿ ನನ್ನ ಕಾಲು ಒತ್ತಿದರು. ಎದ್ದೆ ಕೂಡ. ಬಾಯಿ ತೆರೆದೆ. ಏನೂ ಬರಲಿಲ್ಲ. ಗಾಳಿ ಕೂಡ ಬರಲಿಲ್ಲ. ಅಧಿಕಾರಿ, "ಹೇಳಮ್ಮ," ಎಂದರು. ಅತ್ತೆ ನನ್ನನ್ನು ನೋಡುತ್ತಿದ್ದರು.

ನೀರಿನ ಜಗ್ಗು ಮೇಜಿಗೆ ತಾಗಿದ ಸದ್ದಾಯಿತು. ಅಪ್ಪ ಅದನ್ನು ನನ್ನ ಮುಂದೆ ಇಟ್ಟು ಹಿಂದೆ ಹೋಗದೆ ಅಲ್ಲೇ ನಿಂತ.

"ಸಮುದ್ರ ಹಿಂದೆ ಹೋಗಿದ್ದು ಒಂದು ಸಲಾನೂ ಇಲ್ಲ ಸಾರ್. ಹಿಂದೆ ಹೋಗಿದ್ದು ನಾನು."

ಅಪ್ಪನ ಕೈ ಇನ್ನೂ ಜಗ್ಗಿನ ಮೇಲೇ ಇತ್ತು.

"ಕಲ್ಲು ಮುಳುಗಬಾರದು ಅಂತ ಒಂಬತ್ತು ಸಲ ಹಿಂದಕ್ಕೆ ತಂದಿಟ್ಟಿದೀನಿ. ಅಳತೆ ಎಲ್ಲ ನಿಜ ಸಾರ್. ಕಲ್ಲು ಮಾತ್ರ ಸುಳ್ಳು."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಒಂಬತ್ತು ಸಲ? ಯಾರೂ ಕೇಳಲಿಲ್ವಾ?"

"ಗಾಡಿ ಯಾತಕ್ಕೆ ಅಂತ ಕೇಳಿದ್ರು. ಕಲ್ಲಿಗೆ ಅಂದೆ."

ಆಗ ನನಗೆ ಬಾಯಿ ಬಂತು. ಉಗ್ರಾಣದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಒಂದೊಂದೇ ತಾರೀಕು ಓದಿದೆ. ತಾರೀಕು, ಗಾಡಿ, ಏರಿಕೆ. ತಾರೀಕು, ಗಾಡಿ, ಏರಿಕೆ. ಎಂಟನೆಯದಕ್ಕೆ ಬರುವಷ್ಟರಲ್ಲಿ ಅಧಿಕಾರಿ ತಾವೇ ನನ್ನ ರಿಪೋರ್ಟಿನ ಅಂಚಿನಲ್ಲಿ ಕೂಡಿಸುತ್ತಿದ್ದರು. ನೂರಾ ಹದಿನೆಂಟು ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ಗೋಡೆಯ ಹತ್ತಿರ ಯಾರೋ ಅಳಲು ಶುರು ಮಾಡಿದರು.

ನಾನು ಅತ್ತೆಯ ಕಡೆ ನೋಡಲಾರದೆ ನೋಡಿದೆ. ಅವರು ಅಳುತ್ತಿರಲಿಲ್ಲ. ತಮ್ಮನನ್ನೇ ನೋಡುತ್ತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು, ಯಾರೋ ಗುರುತಿಲ್ಲದವನು ಒಳಗೆ ಬಂದ ಹಾಗೆ. ಕಲ್ಲು ಎತ್ತುವುದನ್ನು ಒಂಬತ್ತು ಸಲವೂ ನೋಡಿದವರು. ಒಂಬತ್ತು ಸಲವೂ ನಕ್ಕವರು.

ಅಧಿಕಾರಿ ದಡಕ್ಕೆ ಬಂದರು. ಬೇಲಿಯ ಪಕ್ಕದ ಕಲ್ಲು ನೋಡಿದರು, ಅತ್ತೆಯ ಮನೆಯೊಳಗಿಂದ ಹಾದು ಹಿತ್ತಿಲ ಬಾಗಿಲು ತೆಗೆದರು, ಮುಖ ಒರೆಸಿಕೊಂಡರು. ಹಳೆಯ ಗುಂಡಿ ಇನ್ನೂ ಹಾಗೇ ಇತ್ತು. "ಪುಸ್ತಕ ಎರಡೂ ಒಪ್ಪಿದೆ. ಆದರೆ ಮೇಲಿನವರು ಕಣ್ಣಾರೆ ಕಂಡಿದ್ದು ಕೇಳ್ತಾರೆ. ಕಲ್ಲನ್ನ ಈ ಗುಂಡೀಲೇ ವಾಪಸ್ ಇಡಿ. ದಿನ ಬಿಟ್ಟು ದಿನ ಅಳೆದು ಕಳಿಸಿ. ಏನೇ ಆದರೂ ಕಲ್ಲು ಮುಟ್ಟಬಾರದು." ಅಪ್ಪನ ಕಡೆ ತಿರುಗಿ, "ನೀವು ಅಳೆಯೋ ಹಾಗಿಲ್ಲ," ಎಂದರು.

ಜೂನ್ 27, ಶುಕ್ರವಾರ

ಕಲ್ಲು ಹೊತ್ತ ಕೈಗಾಡಿ ಮೊದಲ ಸಲ ಸಮುದ್ರದ ಕಡೆ ಹೋಯಿತು. ಅಪ್ಪನೇ ತಳ್ಳಿದ. ಗೋಣಿ ಹೊದಿಸಲಿಲ್ಲ.

ಅತ್ತೆ ಮನೆಯಿಂದ ಹೊರಗೆ ಬರಲಿಲ್ಲ.

ಅಪ್ಪನಿಗೆ ಎಚ್ಚರಿಕೆ ಪತ್ರ ಬಂದಿದೆ. ಟೇಪು ಕಿತ್ತುಕೊಂಡು ಅವನನ್ನು ಉಗ್ರಾಣಕ್ಕೆ ಹಾಕಿದ್ದಾರೆ. "ಬಾರಯ್ಯ," ಎಂದ ಉಗ್ರಾಣದಣ್ಣ, "ಇಷ್ಟು ದಿನ ನೀನು ಸಹಿ ಹಾಕ್ತಿದ್ದೆ, ಇನ್ಮೇಲೆ ಹಾಕಿಸ್ಕೋ." ಹೊಸ ಅಳತೆಯವರು ಬರುವವರೆಗೆ ಅಳೆಯುವುದು ಯಾರು ಎಂದು ಅಧ್ಯಕ್ಷೆ ಕೇಳಿದರು. ಟೇಪು ನನ್ನ ಕೈಯಲ್ಲೇ ಇತ್ತು.

ಇವತ್ತಿನ ಅಳತೆ ಹತ್ತು.

ಜೂನ್ 29, ಭಾನುವಾರ

ಒಂಬತ್ತು. ಅಪ್ಪ ರಜೆಯ ದಿನವೂ ದೂರದಲ್ಲಿ ನಿಂತು ನೋಡುತ್ತಾನೆ. ಎರಡು ಕೈಯನ್ನೂ ಕಂಕುಳಲ್ಲಿ ಸಿಕ್ಕಿಸಿಕೊಂಡಿರುತ್ತಾನೆ.

ಜುಲೈ 3, ಗುರುವಾರ

ಆರೂವರೆ. ಗಾಳಿ ಜೋರು. ಹನ್ನೊಂದು ಮನೆಯವರಿಗೂ ನಾನೇ ಹೋಗಿ ಹಿಂದಿನ ಕೋಣೆಯಲ್ಲಿ ಮಲಗಬೇಡಿ ಎಂದು ಹೇಳಿದೆ. ಏಳನೇ ಮನೆಯ ಅಜ್ಜಿ, "ಹೇಳೋಕೆ ಬಂದ್ಳು ನೋಡು, ಸಮುದ್ರಕ್ಕೆ ಉಸಿರು ಕೊಟ್ಟವಳು," ಎಂದಳು. ಎಂದಿದ್ದು ಸರಿಯಾಗಿಯೇ ಇದೆ. ಅವಳ ಟ್ರಂಕನ್ನು ಮುಂದಿನ ಕೋಣೆಗೆ ಎಳೆದುಕೊಟ್ಟು ಬಂದೆ.

ಜುಲೈ 5, ಶನಿವಾರ

ನಾಲ್ಕು.

ಅಳೆಯುತ್ತಿದ್ದಾಗಲೇ ಅತ್ತೆಯ ಬಚ್ಚಲಿನ ಗೋಡೆ ಕೂತುಹೋಯಿತು. ಬೀಳಲಿಲ್ಲ, ಸುಸ್ತಾದವರು ಕೂರುವ ಹಾಗೆ ಕೂತಿತು. ಹಂಡೆ ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಒಂದು ಗಂಟೆ ಮುಂಚೆ ಅತ್ತೆ ಅಲ್ಲಿ ಸ್ನಾನ ಮಾಡಿದ್ದರು.

ಅತ್ತೆ ಬಾಗಿಲಲ್ಲಿ ನಿಂತು ಸಮುದ್ರವನ್ನೂ ಹಂಡೆಯನ್ನೂ ನೋಡಿದರು. ಹತ್ತು ದಿನದಲ್ಲಿ ಮೊದಲ ಬಾರಿ ಅಪ್ಪನ ವಿಷಯ ಎತ್ತಿದರು. "ಅವನೆಲ್ಲಿ? ಕರಿ ಅವನನ್ನ. ಬಂದು ನೋಡಲಿ."

ಅಪ್ಪ ಬಂದ. ನೋಡಿದ. ಹಂಡೆ ಎತ್ತಿಕೊಂಡ. ಅತ್ತೆ ಅವನ ಬೆನ್ನಿಗೆ ಗುದ್ದಿದರು, ಮತ್ತೆ ಗುದ್ದಿದರು, ಬಲೆ ಹೊಲಿದು ಗಟ್ಟಿಯಾದ ಕೈಯಲ್ಲಿ. ಅವನು ಹಂಡೆ ಹಿಡಿದುಕೊಂಡು ನಿಂತೇ ಇದ್ದ. "ಒಂದು ಮಾತು ಕೇಳಬಾರದಿತ್ತೇನೋ ನನ್ನ," ಎಂದರು ಅತ್ತೆ. "ನೀನು ಹೇಳಬಹುದಿತ್ತಲ್ಲಕ್ಕ," ಎಂದ ಅವನು. ಆಮೇಲೆ ಇಬ್ಬರೂ ಆ ಕಾಲು ಮುರಿದ ಕುರ್ಚಿಯ ಪಕ್ಕ ನೆಲದ ಮೇಲೆ ಕೂತರು.

ಫೋಟೊ ತೆಗೆದು ಮೇಲಿನ ಕಚೇರಿಗೆ ಕಳಿಸಿದೆ. ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಹೀಗೇ ಹದಿನಾಲ್ಕು ಸಲ. ಹದಿನೈದನೆಯದಕ್ಕೆ ಎತ್ತಿದರು.

ಜುಲೈ 8, ಮಂಗಳವಾರ

ಬೆಳಿಗ್ಗೆ ಆದೇಶ ಬಂತು. ಹನ್ನೊಂದು ಮನೆಗಳ ಹೆಸರೂ ಪಟ್ಟಿಯಲ್ಲಿದೆ. ಗುಡ್ಡದ ಮೇಲೆ ಜಾಗ ಗುರುತಿಸುವವರೆಗೆ ಎಲ್ಲರೂ ಪುರಸಭೆಯ ಸಭೆಯ ಕೋಣೆಯಲ್ಲಿ. ಅಧ್ಯಕ್ಷೆ ಉದ್ದ ಮೇಜನ್ನು ಅಂಗಳಕ್ಕೆ ಹಾಕಿಸಿ, ಏಳನೇ ಮನೆಯ ಅಜ್ಜಿಗೆ ತಮ್ಮ ಕುರ್ಚಿ ಕೊಟ್ಟಿದ್ದಾರೆ. ಗುಡ್ಡದ ಮೇಲಿನ ಜಾಗ ಅಳೆಯಲು ನಾಳೆ ನಾನು ಹೋಗಬೇಕು. ರೂಮ್‌ಮೇಟ್ ಮೆಸೇಜು ಹಾಕಿದ್ದಾಳೆ, ಕಾಲೇಜು ನಿನ್ನೆಯೇ ಶುರುವಾಯಿತಂತೆ.

ಮಧ್ಯಾಹ್ನ ಅತ್ತೆಯ ಸಾಮಾನು ಸಾಗಿಸಲು ಗಾಡಿ ಬೇಕಿತ್ತು. ಉಗ್ರಾಣದಲ್ಲಿ ಅಪ್ಪನೊಬ್ಬನೇ ಇದ್ದ. ಪುಸ್ತಕ ತೆಗೆದು ಕೈಗಾಡಿ ಒಂದು ಎಂದು ಬರೆದ. ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಏನು ಬರೆಯಬೇಕೆಂದು ಅವನ ಕೈಗೆ ಒಂಬತ್ತು ಸಲದ ಅಭ್ಯಾಸ. 'ಯಾತಕ್ಕೆ: ಅಕ್ಕನಿಗೆ' ಎಂದು ಬರೆದು ತಾನೇ ಸಹಿ ಹಾಕಿದ.

ಎರಡು ಟ್ರಂಕು, ಬಲೆಗಳು, ಹಂಡೆ, ಎಲ್ಲದರ ಮೇಲೆ ಆ ಮೂರು ಕಾಲಿನ ಕುರ್ಚಿ. ಬಲೆಗಳ ಕೊನೆಯ ಕಟ್ಟು ಹಿತ್ತಿಲ ಮೆಟ್ಟಿಲ ಮೇಲಿತ್ತು. ಅದನ್ನು ಎತ್ತಲು ಗಾಡಿಯನ್ನು ಓಣಿಯಲ್ಲಿ ಹಿತ್ತಿಲ ಮೂಲೆಯವರೆಗೆ ತಳ್ಳಿಕೊಂಡು ಹೋದೆವು. ಕಲ್ಲಿನ ಬುಡದಲ್ಲಿ ಮರಳು ಇರಲಿಲ್ಲ. ಅಲೆ ಬಂದಾಗೆಲ್ಲ ಅದು ಸ್ವಲ್ಪ ಸ್ವಲ್ಪ ಅಲ್ಲಾಡುತ್ತಿತ್ತು. ನಾನು ಟೇಪು ಬಿಡಿಸಲು ಹೋದೆ. ಬಿಡಿಸುವಷ್ಟು ದೂರ ಇರಲಿಲ್ಲ.

ಅಪ್ಪ ಗಾಡಿಯ ಹಿಡಿ ಬಿಟ್ಟು ನಿಂತ. ಈ ಸಲ ಕೈ ಕಂಕುಳಿಗೆ ಹೋಗಲಿಲ್ಲ.

"ಏನೋ," ಎಂದರು ಅತ್ತೆ, "ಅದನ್ನೂ ಹತ್ತಿಸ್ತೀಯಾ?"

ಅವನು ಕಲ್ಲನ್ನು ನೋಡಿದ. ಗಾಡಿಯನ್ನು ನೋಡಿದ.

"ಜಾಗ ಇಲ್ಲ ಬಿಡಕ್ಕ," ಎಂದು ಹಿಡಿಗೆ ಕೈ ಹಾಕಿ, ನನ್ನ ಕಡೆ ತಿರುಗಿ, "ಆ ಕಡೆ ಹಿಡ್ಕೋ," ಎಂದ.